ವಾದ್ಯದ ಟ್ರ್ಯಾಕಿಗೆ ಹಾಡುವ ದನಿಯನ್ನು ಹೊಂದಿಸುವ ಬಗೆ

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಗಳಲ್ಲಿ ಮನೆಯ ಒಂದು ಕೋಣೆಯಲ್ಲೇ ಲ್ಯಾಪ್‌ಟಾಪು, ಸೌಂಡ್ ಕಾರ್ಡು, ಒಂದು ಒಳ್ಳೆಯ ಮೈಕು ಇಟ್ಟುಕೊಂಡು ಭಜನಾಪದ, ತತ್ವಪದ, ವಚನ, ಜಾನಪದ ಗೀತೆಗಳನ್ನು ಧ್ವನಿಮುದ್ರಿಸುವ ಕೆಲಸ ಈಗ ಸಾಕಷ್ಟು ನಡೆಯುತ್ತಿದೆ. ಇಂಥ ಹಾಡುಗಳಲ್ಲಿ ಅನೇಕ ಸಲ ವಾದ್ಯಗಳ ಟ್ರ್ಯಾಕ್ ಒಂದು ಕಡೆ ತಯಾರಾಗುತ್ತದೆ, ಹಾಡುಗಾರಿಕೆ ಇನ್ನೊಂದು ಕಡೆ ಮುದ್ರಣವಾಗುತ್ತದೆ, ಎರಡನ್ನೂ ಕೂಡಿಸುವ ಹೊಣೆ ಮೂರನೆಯವರ ಮೇಲೆ ಬೀಳುತ್ತದೆ. ಈ ಬರಹ ಆ ಮೂರನೆಯವರಿಗಾಗಿ.

ದನಿ ಒಂದು ಕಡೆ, ವಾದ್ಯ ಒಂದು ಕಡೆ ಎಂದು ಕೇಳಿಸಿದ ಕೂಡಲೇ ಈಕ್ವಲೈಜರ್ (ದಪ್ಪ, ತೆಳು ಸದ್ದುಗಳ ಪ್ರಮಾಣ ಬದಲಿಸುವುದು), ಕಂಪ್ರೆಸರ್ (ಗಟ್ಟಿ ಸದ್ದನ್ನು ಒತ್ತುವುದು), ರಿವರ್ಬ್ (ಗೂಂಜು ಸೇರಿಸುವುದು) ಇವುಗಳ ಕಡೆ ಕೈ ಹೋಗುವುದು ರೂಢಿ. ಆದರೆ ಹೊಂದಿಕೆಯ ದೊಡ್ಡ ಪಾಲು ಮುದ್ರಣಕ್ಕೂ ಮೊದಲೇ, ಪಟ್ಟಿ (ಹಾಡಿನ ಷಡ್ಜ ನಿಲ್ಲುವ ಶ್ರುತಿ) ಮತ್ತು ಲಯವನ್ನು ಗೊತ್ತುಮಾಡುವಾಗಲೇ ತೀರ್ಮಾನವಾಗಿರುತ್ತದೆ. ಟ್ರ್ಯಾಕ್ ಹಾಡುಗಾರರ ದನಿಗೆ ಬಗ್ಗಬೇಕೇ ಹೊರತು ಹಾಡುಗಾರರು ಟ್ರ್ಯಾಕಿಗಾಗಿ ಗಂಟಲು ಹರಿದುಕೊಳ್ಳಬಾರದು. ಮುಂದೆ ಹೇಳುವುದೆಲ್ಲ ಈ ನಿಲುವಿನ ಮೇಲೆಯೇ ನಿಂತಿದೆ.

ಪಟ್ಟಿ ಗೊತ್ತುಮಾಡುವುದು

ಶಿಗ್ಗಾವಿ ಕಡೆಯ ಭಜನಾ ಮಂಡಳಿಯ ಗಾಯಕರೊಬ್ಬರು ತತ್ವಪದವೊಂದನ್ನು ಹಾಡಲು ಬಂದಿದ್ದಾರೆ ಎಂದುಕೊಳ್ಳೋಣ. ಮೊದಲು ಟ್ರ್ಯಾಕನ್ನು ಹಚ್ಚಬೇಡಿ. ಪೇಟಿಯನ್ನೋ (ಹಾರ್ಮೋನಿಯಂ) ಮೊಬೈಲಿನ ತಂಬೂರಿ ಆಪನ್ನೋ ಹಚ್ಚಿ, ಇಡೀ ಪದವನ್ನು ಸಾಹಿತ್ಯದೊಂದಿಗೆ ಹಾಡಿಸಿ. ಬರೀ ಆಕಾರದಲ್ಲಿ ಮೇಲಿನ ಸ್ವರ ಮುಟ್ಟುವುದು ಸುಲಭ. ಅದೇ ಸ್ವರದಲ್ಲಿ ‘ಇ’ಕಾರ, ‘ಉ’ಕಾರವಿರುವ ಮಾತು ಬಂದಾಗ ಗಂಟಲು ಬಿಗಿಯುತ್ತದೆ. ಆದ್ದರಿಂದ ಪದದ ಅತ್ಯಂತ ಮೇಲಿನ ಸ್ವರ ಯಾವ ಅಕ್ಷರದ ಮೇಲೆ ಬರುತ್ತದೆ ಎಂಬುದನ್ನು ಗುರುತಿಸಿ, ಆ ಸಾಲನ್ನು ಎರಡು ಮೂರು ಪಟ್ಟಿಗಳಲ್ಲಿ ಹಾಡಿಸಿ ನೋಡಿ. ಅತ್ಯಂತ ಕೆಳಗಿನ ಸ್ವರವನ್ನೂ ಹಾಗೆಯೇ ಪರೀಕ್ಷಿಸಿ. ಮಂದ್ರದಲ್ಲಿ ದನಿ ಗಾಳಿಯಾಗಿ ಹೋದರೆ ಅಲ್ಲಿನ ಮಾತು ಟ್ರ್ಯಾಕಿನೊಳಗೆ ಮುಳುಗುತ್ತದೆ. ಎರಡೂ ತುದಿಗಳು ಸಲೀಸಾಗಿ ಸಿಗುವ ಪಟ್ಟಿಯೇ ಆ ಹಾಡಿನ ಪಟ್ಟಿ. ಬೆಳಿಗ್ಗೆ ದನಿ ತುಸು ತಗ್ಗಿನಲ್ಲಿರುತ್ತದೆಯಾದ್ದರಿಂದ, ಮುದ್ರಣ ನಡೆಯುವ ಹೊತ್ತಿನಲ್ಲೇ ಈ ಪರೀಕ್ಷೆ ನಡೆಸುವುದು ಕ್ಷೇಮ.

ಗಂಡಸರೆಂದರೆ ಕಾಳಿ ಒಂದು (ಪೇಟಿಯ ಸಪ್ತಕದ ಮೊದಲ ಕರಿ ಮನೆ), ಹೆಣ್ಣುಮಕ್ಕಳೆಂದರೆ ಕಾಳಿ ನಾಲ್ಕು ಅಥವಾ ಐದು ಎಂದು ಮೊದಲೇ ತೀರ್ಮಾನಿಸಿಬಿಡುವ ಅಭ್ಯಾಸವಿದೆ. ಇದೇ ಹುಬ್ಬಳ್ಳಿಯಲ್ಲಿ ಬಾಳಿದ ಗಂಗೂಬಾಯಿ ಹಾನಗಲ್ಲರು ಗಂಡುದನಿಯಷ್ಟು ತಗ್ಗಿನ, ತುಂಬಿದ ಕಂಠದಲ್ಲೇ ಕಿರಾಣಾ ಘರಾಣೆಯ ಗಾಯನವನ್ನು ಎತ್ತರಕ್ಕೆ ಒಯ್ದವರು. ದನಿಯನ್ನು ಕೇಳಿ ಪಟ್ಟಿ ಹೇಳಬೇಕು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಪೇಟಿ ಅಥವಾ ತಬಲಾ ವಾದಕರು ಹತ್ತಿರದಲ್ಲಿದ್ದರೆ ಅರ್ಧ ತಾಸು ಅವರನ್ನು ಕೂರಿಸಿಕೊಳ್ಳಿ. ಯಾವ ಸಾಫ್ಟ್‌ವೇರಿಗಿಂತಲೂ ಚೆನ್ನಾಗಿ ಅವರು ಇದನ್ನು ಹೇಳಬಲ್ಲರು.

ಇನ್ನು ಟ್ರ್ಯಾಕಿನ ಪಟ್ಟಿ. ಇದಕ್ಕೆ ಕೀ ಹುಡುಕುವ ತಂತ್ರಾಂಶಗಳನ್ನು ಪೂರ್ತಿ ನಂಬುವಂತಿಲ್ಲ. ಅವು ಪಾಶ್ಚಾತ್ಯ ಮೇಜರ್, ಮೈನರ್ ಲೆಕ್ಕದಲ್ಲಿ ಉತ್ತರ ಕೊಡುತ್ತವೆ. ಕಾಳಿ ಒಂದರ, ಅಂದರೆ ಸಿ ಶಾರ್ಪ್‌ನ ಭೈರವಿಯಲ್ಲಿ ರಿಷಭ, ಗಂಧಾರ, ಧೈವತ, ನಿಷಾದಗಳೆಲ್ಲ ಕೋಮಲ, ಅಂದರೆ ಒಂದು ಮನೆ ತಗ್ಗಿದವು. ಈ ಏಳು ಸ್ವರಗಳೇ ಎ ಮೇಜರ್‌ನ ಏಳು ಸ್ವರಗಳೂ ಆಗಿರುವುದರಿಂದ ತಂತ್ರಾಂಶ ‘ಎ ಮೇಜರ್’ ಎಂದು ತೋರಿಸಿಬಿಡುತ್ತದೆ. ಅದನ್ನು ನಂಬಿ ಬಿಳಿ ಆರನ್ನು, ಅಂದರೆ ಎ ಸ್ವರದ ಮನೆಯನ್ನು, ಷಡ್ಜವಾಗಿ ಹಿಡಿದರೆ ಹಾಡು ಎಲ್ಲಿಯೂ ಕೂಡುವುದಿಲ್ಲ. ಟ್ರ್ಯಾಕಿನ ಸಾಲುಗಳು ಎಲ್ಲಿ ಬಂದು ನಿಲ್ಲುತ್ತವೆ, ಕಟ್ಟಕಡೆಯ ಸ್ವರ ಯಾವುದು, ತಬಲಾದ ಬಲಗೈ ಯಾವ ಸ್ವರಕ್ಕೆ ಮೇಳೈಸಿದೆ ಎಂದು ಪೇಟಿ ಹಿಡಿದು ಕಿವಿಯಿಂದ ನೋಡಿ. ಟ್ರ್ಯಾಕಿನಲ್ಲಿ ನಿಜವಾದ ಪೇಟಿ ನುಡಿಸಿದ್ದರೆ ಅದು ಎ 440 ಹರ್ಟ್ಸ್ ಎಂಬ ಅಳತೆಗೆ ಸರಿಯಾಗಿರಲೇಬೇಕೆಂದಿಲ್ಲ. ಇಪ್ಪತ್ತು ಸೆಂಟ್ ಆಚೀಚೆಯಾಗಿದ್ದರೂ, ಹಾಡುಗಾರರ ಕಿವಿಗೆ ಕೊಡುವ ತಂಬೂರಿಯನ್ನು ಅಷ್ಟೇ ಏರಿಸಿ ಅಥವಾ ಇಳಿಸಿ ಇಡಬೇಕು. ಪೇಟಿಯ ಒಂದು ಮನೆಯಿಂದ ಪಕ್ಕದ ಮನೆಗಿರುವ ಅಂತರ ಒಂದು ಅರ್ಧಸ್ವರ, ಅದಕ್ಕೆ ನೂರು ಸೆಂಟ್. ಇಪ್ಪತ್ತು ಸೆಂಟ್ ಎಂದರೆ ಅದರ ಐದನೆಯ ಒಂದು ಭಾಗ, ಉದ್ದ ಹಿಡಿದ ಷಡ್ಜದಲ್ಲಿ ಅದು ಸ್ಪಷ್ಟವಾಗಿ ಚುಚ್ಚುತ್ತದೆ.

ನಮ್ಮ ಗಾಯಕರಿಗೆ ಕಾಳಿ ಎರಡು ಹಿತವಾಗಿದೆ, ಟ್ರ್ಯಾಕ್ ಕಾಳಿ ಮೂರರಲ್ಲಿದೆ. ಅಂದರೆ ಟ್ರ್ಯಾಕನ್ನು ಮೂರು ಅರ್ಧಸ್ವರ ಇಳಿಸಬೇಕು. ಒಂದು ಅಥವಾ ಎರಡು ಅರ್ಧಸ್ವರವಾದರೆ ಇಂದಿನ ಪಿಚ್ ಶಿಫ್ಟ್ ಸಾಧನಗಳು ಒಂದೇ ಸ್ಟೀರಿಯೋ ಕಡತದ ಮೇಲೂ ತಕ್ಕಮಟ್ಟಿಗೆ ಕೆಲಸ ಮಾಡುತ್ತವೆ. ಮೂರಕ್ಕೆ ಬಂದಾಗ ಕೊಳಲು ದಪ್ಪಗಾಗುತ್ತದೆ, ತಬಲಾದ ‘ನಾ’ ಪೆಟ್ಟಿನ ಅಂಚು ಕರಗುತ್ತದೆ. ಆಗ ಟ್ರ್ಯಾಕ್ ಮಾಡಿದವರಿಂದ ವಾದ್ಯವಾರು ಕಡತಗಳನ್ನು ಕೇಳಿ ಪಡೆಯಿರಿ. ಕೀಬೋರ್ಡಿನಿಂದ ನುಡಿಸಿದ ಭಾಗಗಳನ್ನು ಮಿಡಿಯಲ್ಲೇ (ಯಾವ ಮನೆಯನ್ನು ಯಾವಾಗ ಒತ್ತಿದರೆಂಬ ದಾಖಲೆಯಲ್ಲೇ) ಬದಲಿಸಿದರೆ ಧ್ವನಿಗೆ ಯಾವ ಹಾನಿಯೂ ಇಲ್ಲ.

ತಾಳವಾದ್ಯಗಳ ವಿಷಯದಲ್ಲಿ ಇಂಗ್ಲಿಷ್ ಪಾಠಗಳು ಹೇಳುವ ಸೂತ್ರ ನಮಗೆ ಹೊಂದುವುದಿಲ್ಲ. ಪಟ್ಟಿ ಬದಲಿಸುವಾಗ ಡ್ರಮ್‌ಗಳನ್ನು ಹಾಗೆಯೇ ಬಿಡಿ ಎಂದು ಅವು ಹೇಳುತ್ತವೆ. ಡ್ರಮ್ ಸೆಟ್‌ಗೆ ಅದು ನಡೆಯುತ್ತದೆ, ಡೊಳ್ಳಿಗೂ ನಡೆಯುತ್ತದೆ. ಆದರೆ ತಬಲಾದ ಬಲಗೈ ಷಡ್ಜಕ್ಕೆ ಮೇಳೈಸಿದ ಸ್ವರವಾದ್ಯ. ಕಾಳಿ ಮೂರಕ್ಕೆ ಕೂಡಿಸಿದ ತಬಲಾವನ್ನು ಹಾಗೆಯೇ ಬಿಟ್ಟು ಹಾಡನ್ನು ಕಾಳಿ ಎರಡಕ್ಕೆ ಇಳಿಸಿದರೆ, ಆ ತಬಲಾ ಹಾಡಿನುದ್ದಕ್ಕೂ ಕೋಮಲ ಗಂಧಾರವನ್ನು ಬಾರಿಸುತ್ತ ಕೂರುತ್ತದೆ. ಶುದ್ಧ ಗಂಧಾರದ ಪದವಾಗಿದ್ದರೆ ಗಾಯಕರು ಎಷ್ಟೇ ಶ್ರುತಿಶುದ್ಧವಾಗಿ ಹಾಡಿದರೂ ಕೇಳುವವರಿಗೆ ಏನೋ ಬೇಸೂರು ಎನ್ನಿಸುತ್ತಲೇ ಇರುತ್ತದೆ, ದೋಷ ಗಾಯಕರ ತಲೆಗೆ ಕಟ್ಟಲ್ಪಡುತ್ತದೆ. ತಬಲಾವನ್ನು ಹೊಸ ಷಡ್ಜಕ್ಕೆ ಕೂಡಿಸಿ ಮತ್ತೆ ನುಡಿಸಿ ಮುದ್ರಿಸುವುದೇ ಇದಕ್ಕೆ ಸರಿಯಾದ ದಾರಿ. ಅದು ಸಾಧ್ಯವಾಗದಿದ್ದರೆ ಬಲಗೈ ತಬಲಾವನ್ನು ಮಾತ್ರ ಪಿಚ್ ಶಿಫ್ಟ್ ಮಾಡಿ, ಎಡಗೈಯ ಡಗ್ಗಾವನ್ನು ಮುಟ್ಟದೆ ಬಿಡಿ.

ಲಯ

ಟ್ರ್ಯಾಕಿನ ವೇಗವನ್ನು ನಿಮಿಷಕ್ಕೆ ಇಷ್ಟು ಪೆಟ್ಟು ಎಂದು ಅಳೆಯುವಾಗ ತಂತ್ರಾಂಶ ಅದನ್ನು ಇಮ್ಮಡಿಯಾಗಿಯೋ ಅರ್ಧವಾಗಿಯೋ ತೋರಿಸುವುದುಂಟು. 84 ಇರುವುದನ್ನು 168 ಎನ್ನುತ್ತದೆ. ಕೈತಾಳ ಹಾಕಿ ತಾಳೆ ನೋಡಿ. ಎಂಟು ಮಾತ್ರೆಯ ಕೆಹರವಾ, ಆರು ಮಾತ್ರೆಯ ದಾದ್ರಾ, ಏಳು ಮಾತ್ರೆಯ ರೂಪಕ, ಇವುಗಳಲ್ಲಿ ಯಾವುದು ಎಂದು ಗುರುತಿಸಿ ಪ್ರಾಜೆಕ್ಟಿನ ತಾಳವಿಭಾಗವನ್ನು ಹಾಗೆಯೇ ಇಟ್ಟುಕೊಂಡರೆ ಮುಂದೆ ಸಾಲುಗಳನ್ನು ಹುಡುಕಲು, ಕತ್ತರಿಸಲು ಸುಲಭವಾಗುತ್ತದೆ. ತಬಲಾವನ್ನು ಕ್ಲಿಕ್ (ಲಯ ತೋರುವ ಟಿಕ್ ಟಿಕ್ ಸದ್ದು) ಇಲ್ಲದೆ ನುಡಿಸಿದ್ದರೆ ಲಯ ಅಲ್ಲಲ್ಲಿ ಸರಿದಿರುತ್ತದೆ. ಅಂಥ ಟ್ರ್ಯಾಕನ್ನು ಗ್ರಿಡ್‌ಗೆ (ತೆರೆಯ ಮೇಲಿನ ಮಾತ್ರೆಗಳ ಗೆರೆಗಳಿಗೆ) ಎಳೆಯದೆ, ಗ್ರಿಡ್ಡನ್ನೇ ಟ್ರ್ಯಾಕಿಗೆ ಹೊಂದುವಂತೆ ಟೆಂಪೋ ಮ್ಯಾಪ್ ಮಾಡಿಕೊಳ್ಳಿ.

ಭಜನಾ ಪರಂಪರೆಯ ಗಾಯಕರಿಗೆ ಒಂದೇ ವೇಗದ ಟ್ರ್ಯಾಕ್ ಒಗ್ಗುವುದಿಲ್ಲ. ಗುಡಿಯಲ್ಲಿ ಹಾಡುವಾಗ ಕೊನೆಯ ನುಡಿಗೆ ಬರುವ ಹೊತ್ತಿಗೆ ತಾಳಗಳೂ ಚಪ್ಪಾಳೆಗಳೂ ಕೂಡಿ ಲಯ ತಾನಾಗಿ ಏರುತ್ತದೆ. ಕ್ಲಿಕ್‌ಗೆ ಕಟ್ಟಿದ ಟ್ರ್ಯಾಕಿನಲ್ಲಿ ಅವರು ಮೂರನೆಯ ನುಡಿಯಿಂದಲೇ ಮುಂದೆ ಮುಂದೆ ಓಡತೊಡಗುತ್ತಾರೆ. ಇದು ಅವರ ಲಯಜ್ಞಾನದ ಕೊರತೆಯಲ್ಲ, ಹಾಡಿನ ಸ್ವಭಾವವೇ ಹಾಗಿದೆ. ಹೊಸದಾಗಿ ಟ್ರ್ಯಾಕ್ ಮಾಡಿಸುವುದಾದರೆ ಮೊದಲ ನುಡಿಗಳಿಗೆ 92 ಇಟ್ಟು ಕೊನೆಯ ನುಡಿಗೆ ಮೆಲ್ಲಗೆ 100ಕ್ಕೆ ಏರಿಸುವಂತೆ ಮೊದಲೇ ಹೇಳಿ. ಸಿದ್ಧ ಟ್ರ್ಯಾಕ್ ಆಗಿದ್ದರೆ ಟೈಮ್ ಸ್ಟ್ರೆಚ್‌ನಿಂದ ಕೊನೆಯ ಭಾಗವನ್ನು ನೂರಕ್ಕೆ ನಾಲ್ಕೈದರಷ್ಟು ಚುರುಕುಗೊಳಿಸಿದರೂ ಧ್ವನಿ ಕೆಡುವುದಿಲ್ಲ, ಹಾಡುವವರಿಗೆ ಮಾತ್ರ ಜೀವ ಬಂದಂತಾಗುತ್ತದೆ.

ಕಡತಗಳು

ಟ್ರ್ಯಾಕನ್ನು ವಾಟ್ಸ್ಯಾಪಿನಲ್ಲಿ ಆಡಿಯೋ ಸಂದೇಶವಾಗಿ ತರಿಸಿಕೊಳ್ಳಬೇಡಿ. 24 ಬಿಟ್‌ನ ವೇವ್ ಕಡತವನ್ನೇ ಡ್ರೈವ್ ಮೂಲಕ ಕೇಳಿ. ಇದು ಬರೀ ಗುಣಮಟ್ಟದ ಮಾತಲ್ಲ. ಎಂಪಿ3 ಮಾಡುವಾಗ ಕಡತದ ಆರಂಭದಲ್ಲಿ ಸೆಕೆಂಡಿನ ಕೆಲವು ಸಾವಿರದಂಶದಷ್ಟು ಮೌನ ಸೇರಿಕೊಳ್ಳುತ್ತದೆ, ಸಾಮಾನ್ಯವಾಗಿ 25 ಮಿಲಿಸೆಕೆಂಡ್ ಅಥವಾ ಅದಕ್ಕಿಂತ ತುಸು ಹೆಚ್ಚು. ಎಂಪಿ3 ಮೇಲೆ ಹಾಡಿಸಿ, ಆಮೇಲೆ ಅದರ ಜಾಗದಲ್ಲಿ ವೇವ್ ಕಡತ ಇಟ್ಟರೆ ಇಡೀ ಹಾಡು ಅಷ್ಟು ಹಿಂದೆ ಬೀಳುತ್ತದೆ.

ಸ್ಯಾಂಪಲ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಸಲ ಧ್ವನಿಯನ್ನು ಅಳೆದು ಬರೆಯಲಾಗುತ್ತದೆ ಎಂಬುದು, ಇನ್ನೊಂದು ಗುಪ್ತ ಶತ್ರು. 44.1 ಕಿಲೋಹರ್ಟ್ಸ್‌ನಲ್ಲಿ ಮಾಡಿದ ಟ್ರ್ಯಾಕನ್ನು 48ರ ಪ್ರಾಜೆಕ್ಟಿನಲ್ಲಿ ಪರಿವರ್ತಿಸದೆ ಓಡಿಸಿದರೆ ನಾಲ್ಕು ನಿಮಿಷದ ಹಾಡು ಮೂರು ನಿಮಿಷ ನಲವತ್ತು ಸೆಕೆಂಡಿಗೆ ಮುಗಿಯುತ್ತದೆ, ಪಟ್ಟಿ ಸುಮಾರು ಒಂದೂವರೆ ಅರ್ಧಸ್ವರ ಮೇಲೇರುತ್ತದೆ. ಪಟ್ಟಿ ಯಾವ ಮನೆಗೂ ಕೂಡದೆ ಎರಡು ಮನೆಗಳ ನಡುವೆ ನಿಂತಂತೆ ಕೇಳಿಸಿದರೆ ಮೊದಲು ಇದನ್ನೇ ಅನುಮಾನಿಸಿ.

ಕೋಣೆ ಮತ್ತು ಹೆಡ್‌ಫೋನ್

ಆರ್‌ಸಿಸಿ ಮನೆಯ ಬರಿಗೋಡೆಗಳ ಕೋಣೆಯಲ್ಲಿ ಹಾಡಿದ ದನಿಯ ಮೇಲೆ ಆ ಕೋಣೆಯ ಗೂಂಜು ಅಂಟಿಕೊಂಡಿರುತ್ತದೆ. ಟ್ರ್ಯಾಕಿನ ವಾದ್ಯಗಳು ಬೇರೊಂದು ಜಾಗದಲ್ಲಿ ನುಡಿದಂತಿರುತ್ತವೆ. ಈ ಎರಡು ಜಾಗಗಳು ಮುಂದೆ ಯಾವ ಉಪಾಯದಿಂದಲೂ ಪೂರ್ತಿ ಒಂದಾಗುವುದಿಲ್ಲ. ದುಬಾರಿ ಫೋಮ್ ತರಬೇಕಾಗಿಲ್ಲ. ನಮ್ಮ ಕಡೆ ಎಲ್ಲ ಮನೆಗಳಲ್ಲೂ ಇರುವ, ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ದಪ್ಪ ಕೌದಿಗಳೇ ಸಾಕು. ಒಂದನ್ನು ಗಾಯಕರ ಬೆನ್ನ ಹಿಂದೆ, ಇನ್ನೊಂದನ್ನು ಪಕ್ಕದ ಗೋಡೆಗೆ ತುಸು ಅಂತರ ಬಿಟ್ಟು ತೂಗುಹಾಕಿ, ನೆಲಕ್ಕೆ ಜಮಖಾನೆ ಹಾಸಿ. ಹೆಚ್ಚಿನ ಹಾಡುವ ಮೈಕುಗಳು ಮುಂಭಾಗದಿಂದ ಗ್ರಹಿಸುವಂಥವಾದ್ದರಿಂದ ಗಾಯಕರ ಬೆನ್ನ ಹಿಂದಿನ ಗೋಡೆಯ ಮಾರ್ದನಿಯೇ ಮೈಕಿಗೆ ನೇರ ಬೀಳುತ್ತದೆ. ಕೌದಿ ಅಲ್ಲಿಗೇ ಮೊದಲು ಬೇಕು. ಫ್ಯಾನು ಬಂದ್ ಮಾಡಿ. ಕರೆಂಟು ಹೋಗಿ ಬರುವ ಊರಾದರೆ ಯುಪಿಎಸ್ ಇರಲಿ.

ಮೈಕಿನಿಂದ ಬಾಯಿಗೆ ಒಂದು ಗೇಣು, ನಡುವೆ ಪಾಪ್ ಫಿಲ್ಟರ್. ಬಯಲಿನಲ್ಲಿ ಹಾಡಿ ರೂಢಿಯಾದ ದೊಡ್ಡ ದನಿಯವರಿಗೆ ಒಂದೂವರೆ ಗೇಣು ಬಿಟ್ಟರೂ ನಡೆಯುತ್ತದೆ. ಅತ್ಯಂತ ಗಟ್ಟಿಯಾದ ಸಾಲನ್ನು ಹಾಡಿಸಿ, ಮೀಟರಿನ ಮುಳ್ಳು ಮೈನಸ್ 10 ಡೆಸಿಬೆಲ್ ಆಸುಪಾಸಿನಲ್ಲಿ ನಿಲ್ಲುವಂತೆ ಗೇನ್ ಇಡಿ. 24 ಬಿಟ್‌ನಲ್ಲಿ ಮುದ್ರಿಸುವಾಗ ಅದಕ್ಕಿಂತ ಮೇಲೇರಿಸುವ ಅಗತ್ಯವೇ ಇಲ್ಲ.

ಹೆಡ್‌ಫೋನ್ ತಂತಿಯದ್ದೇ ಆಗಬೇಕು. ಬ್ಲೂಟೂತ್‌ನಲ್ಲಿ ಶಬ್ದ ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕೂ ಹೆಚ್ಚು ತಡವಾಗಿ ಬರುವುದುಂಟು, ಅದನ್ನು ಕೇಳಿ ಹಾಡಿದವರು ಅಷ್ಟೇ ತಡವಾಗಿ ಹಾಡುತ್ತಾರೆ. ಕಂಪ್ಯೂಟರು ಧ್ವನಿಯನ್ನು ತುಂಡು ತುಂಡಾಗಿ ಕೂಡಿಟ್ಟುಕೊಳ್ಳುವ ಬಫರ್ 128 ಸ್ಯಾಂಪಲ್‌ನಲ್ಲಿದ್ದರೆ 44.1ರಲ್ಲಿ ಒಂದು ದಿಕ್ಕಿಗೆ ಸುಮಾರು ಮೂರು ಮಿಲಿಸೆಕೆಂಡ್ ತಡ, 1024 ಆದರೆ 23 ಮಿಲಿಸೆಕೆಂಡ್. ಸೌಂಡ್ ಕಾರ್ಡಿನಲ್ಲಿ, ಕಂಪ್ಯೂಟರಿನ ಒಳಹೋಗದೆ ದನಿಯನ್ನು ನೇರ ಕೇಳಿಸುವ ಡೈರೆಕ್ಟ್ ಮಾನಿಟರ್ ಗುಂಡಿ ಇದ್ದರೆ ಗಾಯಕರ ದನಿಯನ್ನು ಅಲ್ಲಿಂದಲೇ ಅವರ ಕಿವಿಗೆ ಕೊಡಿ. ಮುದ್ರಣವಾದ ದನಿ ಸರಿಯಾದ ಜಾಗಕ್ಕೆ ಬೀಳುತ್ತಿದೆಯೇ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆಯಿದೆ: ಹೆಡ್‌ಫೋನಿನಲ್ಲಿ ಕ್ಲಿಕ್ ಓಡಿಸಿ, ಅದನ್ನು ಮೈಕಿಗೆ ತಾಗಿಸಿ ಹಿಡಿದು ಮುದ್ರಿಸಿ. ಮೂಲ ಕ್ಲಿಕ್ಕಿಗೂ ಮುದ್ರಿತ ಕ್ಲಿಕ್ಕಿಗೂ ನಡುವೆ ಅಂತರ ಕಂಡರೆ, ಅಷ್ಟನ್ನು ತಂತ್ರಾಂಶದ ರೆಕಾರ್ಡಿಂಗ್ ಆಫ್‌ಸೆಟ್‌ನಲ್ಲಿ ತುಂಬಿಬಿಡಿ.

ಕಿವಿಗೆ ಕೊಡುವ ಮಿಶ್ರಣದ ಬಗ್ಗೆ ಯಾರೂ ಹೆಚ್ಚು ಯೋಚಿಸುವುದಿಲ್ಲ, ಆದರೆ ಹಾಡಿನ ಶ್ರುತಿ ಅಲ್ಲೇ ನಿರ್ಧಾರವಾಗುತ್ತದೆ. ಟ್ರ್ಯಾಕ್ ಅತಿ ಜೋರಾಗಿದ್ದರೆ ಗಾಯಕರಿಗೆ ತಮ್ಮ ದನಿ ಕೇಳದೆ ಚೀರುತ್ತಾರೆ, ಸ್ವರ ಸರಿಯುತ್ತದೆ. ತಮ್ಮ ದನಿಯೇ ಅತಿ ಜೋರಾದರೆ ಅಳುಕಿ ಮೆತ್ತಗೆ ಹಾಡುತ್ತಾರೆ. ಟ್ರ್ಯಾಕಿನಲ್ಲಿ ಇಲ್ಲದಿದ್ದರೂ ಅವರ ಕಿವಿಗೆ ಮಾತ್ರ ತಂಬೂರಿಯ ಎಳೆಯೊಂದನ್ನು ಮೆಲ್ಲಗೆ ಕೊಡಿ. ವಾದ್ಯಗಳು ಬಿಡುವು ಪಡೆದ ಜಾಗಗಳಲ್ಲಿ ಅದೊಂದೇ ಆಸರೆ. ಒಂದು ಕಿವಿಯನ್ನು ಅರ್ಧ ತೆರೆದಿಟ್ಟುಕೊಂಡು ಹಾಡುವುದು ಅನೇಕರಿಗೆ ಅನುಕೂಲ. ಹಾಗೆ ಮಾಡುವಾಗ ತೆರೆದ ಬದಿಯ ಶಬ್ದವನ್ನು ಬಂದ್ ಮಾಡಿದರೆ ಟ್ರ್ಯಾಕ್ ಮೈಕಿಗೆ ಸೋರುವುದಿಲ್ಲ.

ಹಾಡನ್ನು ಮೊದಲಿನಿಂದ ಕೊನೆಯವರೆಗೆ ಮೂರು ನಾಲ್ಕು ಸಲ ಪೂರ್ತಿಯಾಗಿ ಹಾಡಿಸಿ, ಆಮೇಲೆ ಕಷ್ಟದ ಸಾಲುಗಳನ್ನು ಬಿಡಿಯಾಗಿ ತೆಗೆದುಕೊಳ್ಳಿ. ಸಾಲು ಸಾಲಾಗಿ ನಿಲ್ಲಿಸಿ ಹಾಡಿಸಿದ ಹಾಡಿನಲ್ಲಿ ಸ್ವರ ಸರಿಯಿದ್ದರೂ ಭಾವದ ಓಟ ಇರುವುದಿಲ್ಲ.

ಅಕ್ಷರವನ್ನು ಪೆಟ್ಟಿಗೆ ಕೂಡಿಸುವುದು

ಮುದ್ರಣ ಮುಗಿದು ಆಯ್ದ ಸಾಲುಗಳನ್ನು ಜೋಡಿಸಿದ ಮೇಲೆ ಕಾಲದ ಹೊಂದಿಕೆಯನ್ನು ನೋಡಬೇಕು. ಇಲ್ಲಿ ಕಣ್ಣು ಮೋಸಮಾಡುತ್ತದೆ. ತೆರೆಯ ಮೇಲಿನ ಅಲೆಯ ಆರಂಭವನ್ನು ತಬಲಾದ ಪೆಟ್ಟಿಗೆ ತಾಗಿಸಿದರೆ ಸರಿಹೋಯಿತು ಎನ್ನಿಸುತ್ತದೆ, ಕೇಳಿದರೆ ಹಾಡು ಹಿಂದೆ ಬಿದ್ದಿರುತ್ತದೆ. ಕಿವಿ ಅಕ್ಷರದ ಕಾಲವನ್ನು ಎಣಿಸುವುದು ಅದರ ಸ್ವರಾಕ್ಷರ ಹೊರಡುವ ಕ್ಷಣದ ಹತ್ತಿರದಿಂದ. ‘ಶಿವ’ ಎಂಬಲ್ಲಿ ‘ಶ್’ ಎಂಬ ಉಸಿರಿನ ಸದ್ದು ಪೆಟ್ಟಿಗಿಂತ ಮೊದಲೇ ಶುರುವಾಗಿ, ‘ಇ’ಕಾರ ಪೆಟ್ಟಿನ ಮೇಲೆ ಕೂರಬೇಕು. ‘ಗುರು’ ಎಂಬಲ್ಲಿ ವ್ಯಂಜನ ಚಿಕ್ಕದಾದ್ದರಿಂದ ಈ ಅಂತರ ತೀರ ಕಡಿಮೆ. ಹೀಗೆ ಪ್ರತಿ ಸಾಲಿನ ಸಮಕ್ಕೆ (ತಾಳದ ಮೊದಲ ಮಾತ್ರೆಗೆ) ಬರುವ ಅಕ್ಷರವನ್ನು ಮಾತ್ರ ಕೇಳಿ ಕೂಡಿಸಿ, ಉಳಿದವುಗಳನ್ನು ಗಾಯಕರು ಹಾಡಿದಂತೆಯೇ ಬಿಡಿ. ಸಮದಲ್ಲಿ ಬಂದು ಸೇರುವ ಗಾಯಕರು ನಡುವೆ ತುಸು ಹಿಂದುಳಿದು, ತುಸು ಮುಂದೆ ಸರಿದು ಹಾಡುವುದರಲ್ಲೇ ಪದದ ನಡೆಯಿದೆ. ಎಲ್ಲ ಅಕ್ಷರಗಳನ್ನೂ ಗ್ರಿಡ್ಡಿಗೆ ಕಟ್ಟಿದರೆ ಅದು ಮಗ್ಗಿ ಒಪ್ಪಿಸಿದಂತಾಗುತ್ತದೆ.

ಅಕ್ಷರಗಳನ್ನು ಹಿಗ್ಗಿಸುವಾಗ, ಕುಗ್ಗಿಸುವಾಗ ಕನ್ನಡದ ಹ್ರಸ್ವದೀರ್ಘಗಳ ಮೇಲೆ ಕಣ್ಣಿರಬೇಕು. ‘ನಾಡು’ ಎಂಬುದನ್ನು ಮಾತ್ರೆಯೊಳಗೆ ಹಿಡಿಸಲು ಕುಗ್ಗಿಸಿದರೆ ‘ನಡು’ ಆಗಿಬಿಡುತ್ತದೆ. ಇನ್ನೂ ಸೂಕ್ಷ್ಮವಾದದ್ದು ಒತ್ತಕ್ಷರ. ‘ಕತ್ತೆ’ ಎನ್ನುವಾಗ ನಾಲಿಗೆ ಹಲ್ಲಿಗೆ ತಾಗಿ ಗಾಳಿ ಕಟ್ಟಿ ನಿಂತ ಒಂದು ಕ್ಷಣದ ನಿಶ್ಶಬ್ದವಿದೆ. ಆ ನಿಶ್ಶಬ್ದವೇ ಒತ್ತಕ್ಷರ. ತೆರೆಯ ಮೇಲೆ ಅದು ಖಾಲಿ ಜಾಗದಂತೆ ಕಾಣುತ್ತದೆ. ಖಾಲಿಯೆಂದು ಕತ್ತರಿಸಿ ಅಲೆಗಳನ್ನು ಹತ್ತಿರಕ್ಕೆ ತಂದರೆ ‘ಕತೆ’ ಉಳಿಯುತ್ತದೆ. ಮೌನವನ್ನು ತಾನಾಗಿ ತೆಗೆದುಹಾಕುವ ಸೌಲಭ್ಯವನ್ನು ಕನ್ನಡದ ಹಾಡಿನ ಮೇಲೆ ಬಳಸಲೇಬಾರದೆಂದು ನಾನು ಹೇಳುವುದು ಇದೇ ಕಾರಣಕ್ಕೆ. ಎರಡು ದನಿಗಳಿದ್ದಲ್ಲಿ, ಅಂದರೆ ಮೇಳದವರು ಪಲ್ಲವಿಯನ್ನು ಎತ್ತಿ ಹಾಡುವಲ್ಲಿ, ಒತ್ತಕ್ಷರಗಳು ಒಂದೇ ಸಲ ಬಿಡುಗಡೆಯಾಗುವಂತೆ ಹೊಂದಿಸಿದರೆ ಇಡೀ ಮೇಳ ಒಂದೇ ಬಾಯಿಂದ ಹಾಡಿದಂತೆ ಕೇಳುತ್ತದೆ.

ಸ್ವರವನ್ನು ತಿದ್ದುವುದು

ಆಟೋಟ್ಯೂನ್, ಮೆಲೊಡೈನ್‌ನಂಥ ಸಾಧನಗಳನ್ನು ಬಳಸುವುದರಲ್ಲಿ ತಪ್ಪಿಲ್ಲ, ತೂಗಿ ಬಳಸಬೇಕು. ತಾನಾಗಿ ತಿದ್ದುವ ವಿಧಾನದಲ್ಲಿ ವೇಗ ಹೆಚ್ಚಿಟ್ಟರೆ ಸ್ವರದಿಂದ ಸ್ವರಕ್ಕೆ ಜಾರುವ ಮೀಂಡು ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ, ಗಮಕ ಸತ್ತುಹೋಗುತ್ತದೆ. ಸವಾಯಿ ಗಂಧರ್ವರು, ಭೀಮಸೇನ ಜೋಶಿಯವರು, ಮಲ್ಲಿಕಾರ್ಜುನ ಮನ್ಸೂರರು ಹುಟ್ಟಿದ ಈ ಸೀಮೆಯಲ್ಲಿ ಭಜನೆಯ ಗಾಯಕರ ಕಂಠದಲ್ಲೂ ಹಿಂದುಸ್ತಾನಿ ಸಂಗೀತದ ಮೀಂಡು ಸಹಜವಾಗಿ ಸೇರಿಕೊಂಡಿದೆ. ಅದನ್ನು ಯಂತ್ರದ ಕೈಗೆ ಒಪ್ಪಿಸಬಾರದು. ಸ್ವರ ಬಂದು ನಿಲ್ಲುವ ಜಾಗಗಳನ್ನು, ಅಂದರೆ ಸಾಲಿನ ಕೊನೆಯ ಷಡ್ಜ, ಪಂಚಮಗಳನ್ನು ಒಂದೊಂದಾಗಿ ಕೈಯಿಂದ ತಿದ್ದಿ. ಜಾರುವ ಭಾಗಗಳನ್ನು ಮುಟ್ಟಬೇಡಿ. ಪೂರ್ತಿ ನೂರಕ್ಕೆ ನೂರು ಸರಿಪಡಿಸದೆ ಅರ್ಧದಷ್ಟು ಎಳೆದು ಕೇಳಿ. ಬಹಳ ಸಲ ಅಷ್ಟೇ ಸಾಕಾಗುತ್ತದೆ.

ಶುದ್ಧ ಗಂಧಾರದ ವಿಷಯ ಬೇರೆಯೇ ಇದೆ. ತಂಬೂರಿಗೆ ಹಾಡಿ ಬೆಳೆದವರ ಗಂಧಾರ ಕೀಬೋರ್ಡಿನ ಗಂಧಾರಕ್ಕಿಂತ ಸುಮಾರು 14 ಸೆಂಟ್ ಕೆಳಗಿರುತ್ತದೆ. ಸಹಜ ಅನುಪಾತದ ಗಂಧಾರ ಷಡ್ಜದಿಂದ 386 ಸೆಂಟ್ ದೂರ, ಕೀಬೋರ್ಡಿನದು 400. ಪಂಚಮದಲ್ಲಿ ಈ ವ್ಯತ್ಯಾಸ ಎರಡೇ ಸೆಂಟ್ ಆದ್ದರಿಂದ ಅಲ್ಲಿ ತೊಂದರೆ ಕಾಣುವುದಿಲ್ಲ. ತಂತ್ರಾಂಶ ಇಂಥ ಗಂಧಾರವನ್ನು ಬೇಸೂರು ಎಂದು ಕೆಂಪಾಗಿ ತೋರಿಸುತ್ತದೆ, ನಿಜಕ್ಕೂ ಅದೇ ಸುಸ್ವರ. ಕೀಬೋರ್ಡಿನ ಕಾರ್ಡಿನಲ್ಲಿ ಗಂಧಾರ ಉದ್ದಕ್ಕೆ ನಿಂತಿದ್ದರೆ ಎರಡೂ ತಿಕ್ಕಾಡುವುದು ಸಹಜ. ಆಗ ದನಿಯನ್ನು ಮೇಲೆ ಎಳೆಯುವುದಕ್ಕಿಂತ ಕಾರ್ಡಿನಿಂದ ಗಂಧಾರವನ್ನು ತೆಗೆದು ಷಡ್ಜ ಪಂಚಮಗಳನ್ನಷ್ಟೇ ಉಳಿಸುವುದು ಒಳ್ಳೆಯದು. ವಾದ್ಯವಾರು ಕಡತಗಳು ಇಲ್ಲಿಯೂ ಉಪಯೋಗಕ್ಕೆ ಬರುತ್ತವೆ.

ಮಿಕ್ಸಿಂಗ್

ಸಿದ್ಧ ಟ್ರ್ಯಾಕುಗಳು ಮಾಸ್ಟರಿಂಗ್ (ಹಾಡನ್ನು ಗಟ್ಟಿಗೊಳಿಸುವ ಕೊನೆಯ ಹಂತ) ಆಗಿಯೇ ಬರುವುದು ಹೆಚ್ಚು. ಅಲೆ ಮೇಲಿನ ಗೆರೆಗೆ ತಾಗಿ ನಿಂತಿರುತ್ತದೆ. ಅದರ ಮೇಲೆ ದನಿಯನ್ನು ಏರಿಸುತ್ತ ಹೋದರೆ ಒಡಕು ಸದ್ದೇ ಗತಿ. ಮೊದಲು ಟ್ರ್ಯಾಕನ್ನು ಆರರಿಂದ ಎಂಟು ಡೆಸಿಬೆಲ್ ಇಳಿಸಿ, ಆ ಬಿಡುವಿನಲ್ಲಿ ದನಿಯನ್ನು ಕೂರಿಸಿ.

ದನಿಯ ತಳದಲ್ಲಿ ಬೇಡದ ಗುಡುಗನ್ನು ಗಂಡುದನಿಗೆ 80 ಹರ್ಟ್ಸ್, ಹೆಣ್ಣುದನಿಗೆ 120 ಹರ್ಟ್ಸ್ ಸುಮಾರಿನಲ್ಲಿ ಕತ್ತರಿಸಿ. ಮಂಕಾಗಿ ಕೇಳಿಸಿದರೆ 200ರಿಂದ 400ರ ನಡುವೆ ಎರಡು ಮೂರು ಡೆಸಿಬೆಲ್ ತಗ್ಗಿಸಿ. ಆಮೇಲೆ ದನಿಯಲ್ಲಿ ಮೇಲಿನ ಹೊಳಪನ್ನು ಹೆಚ್ಚಿಸುವ ಮೊದಲು ಟ್ರ್ಯಾಕಿನಲ್ಲಿ ಜಾಗ ಮಾಡಿ: ಮಾತಿನ ಸ್ಪಷ್ಟತೆ ಇರುವುದು ಹೆಚ್ಚಾಗಿ ಒಂದರಿಂದ ನಾಲ್ಕು ಕಿಲೋಹರ್ಟ್ಸ್‌ನ ನಡುವೆ, ಪೇಟಿಯ ಗಟ್ಟಿದನಿ ಇರುವುದೂ ಅಲ್ಲೇ. ಭಜನಾಪದದಲ್ಲಿ ಗಾಯಕರ ದೊಡ್ಡ ಎದುರಾಳಿ ಪೇಟಿ, ಏಕೆಂದರೆ ಅದು ಹಾಡಿನ ಸ್ವರಗಳನ್ನೇ ಹಾಡಿನ ಜೊತೆಗೇ ನುಡಿಸುತ್ತಿರುತ್ತದೆ. ಬೇರೆ ಕಡತವಿದ್ದರೆ ಹಾಡುವಾಗ ಪೇಟಿಯನ್ನು ಮೂರು ಡೆಸಿಬೆಲ್ ಇಳಿಸಿ, ಸಾಲಿನ ನಡುವಿನ ಬಿಡುವಿನಲ್ಲಿ ಮೇಲೆ ತನ್ನಿ. ಒಂದೇ ಸ್ಟೀರಿಯೋ ಕಡತವಾದರೆ ಡೈನಮಿಕ್ ಈಕ್ವಲೈಜರ್ ಹಾಕಿ, ದನಿ ಬಂದಾಗ ಮಾತ್ರ ಟ್ರ್ಯಾಕಿನ ಆ ಪಟ್ಟೆ ಎರಡು ಡೆಸಿಬೆಲ್ ತಗ್ಗುವಂತೆ ಸೈಡ್‌ಚೈನ್ ಕೊಡಿ.

ಬಯಲಿನ ಗಾಯಕರ ದನಿ ಒಂದು ಸಾಲಿನಲ್ಲಿ ಪಿಸುಮಾತಿನಷ್ಟು, ಇನ್ನೊಂದರಲ್ಲಿ ಗುಡಿ ತುಂಬುವಷ್ಟು ಇರುತ್ತದೆ. ಇದನ್ನೆಲ್ಲ ಒಂದು ಕಂಪ್ರೆಸರಿನ ತಲೆಗೆ ಹೊರಿಸಿದರೆ ಉಸಿರು ಕಟ್ಟಿದಂತಾಗುತ್ತದೆ. ಮೊದಲು ಸಾಲುಗಳ ಗಾತ್ರವನ್ನು ಕೈಯಿಂದಲೇ ಸರಿಸಮ ಮಾಡಿ, ಆಮೇಲೆ ಮೂರಕ್ಕೆ ಒಂದರ ಅನುಪಾತದಲ್ಲಿ, ಮೂರು ನಾಲ್ಕು ಡೆಸಿಬೆಲ್ ಮಾತ್ರ ಒತ್ತುವಂತೆ ಕಂಪ್ರೆಸರ್ ಹಾಕಿ. ಸ, ಶ, ಚ ಅಕ್ಷರಗಳು ಚುಚ್ಚಿದರೆ ಐದರಿಂದ ಎಂಟು ಕಿಲೋಹರ್ಟ್ಸ್ ಸುಮಾರಿನಲ್ಲಿ ಡಿ-ಎಸರ್ ಸಾಕು. ಉಸಿರಿನ ಸದ್ದನ್ನು ತಗ್ಗಿಸಿ, ಪೂರ್ತಿ ತೆಗೆಯಬೇಡಿ.

ಎಕೋ ಬಗ್ಗೆ ನಮ್ಮ ಭಾಗದ ರೂಢಿಯನ್ನು ಒಪ್ಪಲು ನನಗೆ ಆಗುವುದಿಲ್ಲ. ಆರ್ಕೆಸ್ಟ್ರಾ ವೇದಿಕೆಗಳಿಂದ ಬಂದ ಅಭ್ಯಾಸವೆಂದು ಕಾಣುತ್ತದೆ, ಎಕೋ ತುಂಬಿದಷ್ಟೂ ಹಾಡು ದೊಡ್ಡದಾಯಿತು ಎಂದು ತಿಳಿಯುತ್ತಾರೆ. ತತ್ವಪದದಲ್ಲಾಗಲಿ ವಚನದಲ್ಲಾಗಲಿ ಮಾತೇ ಹಾಡಿನ ಜೀವ. ಒಂದು ಮಾತಿನ ಬಾಲ ಮುಂದಿನ ಮಾತಿನ ಮೇಲೆ ಬಿದ್ದರೆ ಅರ್ಥ ಹಾಳು. 1950ರಿಂದ ನಡೆದುಬಂದ ಧಾರವಾಡ ಆಕಾಶವಾಣಿಯ ಹಳೆಯ ಜಾನಪದ ಮುದ್ರಣಗಳನ್ನು ಕೇಳಿದವರಿಗೆ, ದನಿ ಎದುರಿಗೇ ಕೂತು ಹಾಡಿದಂತೆ ಇರುವುದು ಎಷ್ಟು ಚೆಂದ ಎಂಬುದು ಗೊತ್ತಿದೆ. ಟ್ರ್ಯಾಕಿನ ಕೊಳಲು ನಿಂತ ಮೇಲೆ ಅದರ ಗೂಂಜು ಎಷ್ಟು ಹೊತ್ತು ಉಳಿಯುತ್ತದೆ ಎಂದು ಕೇಳಿ, ದನಿಯ ರಿವರ್ಬ್ ಕೂಡ ಅಷ್ಟೇ ಅಥವಾ ತುಸು ಕಡಿಮೆ ಹೊತ್ತು ಉಳಿಯುವಂತೆ ಇಡಿ. 20ರಿಂದ 40 ಮಿಲಿಸೆಕೆಂಡ್ ಪ್ರಿ-ಡಿಲೇ ಕೊಟ್ಟರೆ ಅಕ್ಷರ ಮೊದಲು ಸ್ಪಷ್ಟವಾಗಿ ಕೇಳಿ, ಗೂಂಜು ಅದರ ಹಿಂದೆ ಬರುತ್ತದೆ. ಎಕೋ ಬೇಕೇ ಬೇಕೆಂದರೆ ಅದನ್ನು ಲಯಕ್ಕೆ ಕಟ್ಟಿ: 60,000ವನ್ನು ಟ್ರ್ಯಾಕಿನ ವೇಗದಿಂದ ಭಾಗಿಸಿದರೆ ಒಂದು ಪೆಟ್ಟಿನ ಅವಧಿ ಮಿಲಿಸೆಕೆಂಡಿನಲ್ಲಿ ಸಿಗುತ್ತದೆ, ವೇಗ 92 ಆದರೆ ಸುಮಾರು 652. ಅದರ ಅರ್ಧ 326 ಇಟ್ಟರೆ ಮರುದನಿ ತಾಳದೊಳಗೇ ಬೀಳುತ್ತದೆ.

ಕೇಳಿ ನೋಡುವುದು

ಶಬ್ದವನ್ನು ತೀರ ಸಣ್ಣದು ಮಾಡಿ ಕೇಳಿ. ಆಗಲೂ ಪ್ರತಿ ಮಾತು ತಿಳಿದು ತಬಲಾದ ನಡೆ ಗೊತ್ತಾಗುತ್ತಿದ್ದರೆ ಪ್ರಮಾಣ ಸರಿಯಿದೆ. ಮೊಬೈಲಿನಲ್ಲಿ ಕೇಳಿ, ಮೋನೋದಲ್ಲಿ ಕೇಳಿ. ಈ ಭಾಗದ ಹಾಡುಗಳು ಟ್ರ್ಯಾಕ್ಟರಿಗೆ ಕಟ್ಟಿದ ದೊಡ್ಡ ಸ್ಪೀಕರಿನಲ್ಲಿ ಮೊಳಗುವುದು ಖಂಡಿತ, ಆದ್ದರಿಂದ ಸಾಧ್ಯವಾದರೆ ಅಲ್ಲಿಯೂ ಒಮ್ಮೆ ಹಚ್ಚಿ ನೋಡಿ. ತಳದ ಬೇಸ್ ಎದ್ದು ದನಿಯ ಕೆಳಭಾಗವನ್ನು ನುಂಗುತ್ತಿದ್ದರೆ ತಕ್ಷಣ ತಿಳಿಯುತ್ತದೆ. ಯೂಟ್ಯೂಬ್ ಗಟ್ಟಿಯಾದ ಹಾಡುಗಳನ್ನು ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ (ಹಾಡಿನ ಒಟ್ಟು ಗಟ್ಟಿತನದ ಅಳತೆ) ಮಟ್ಟಕ್ಕೆ ತಾನೇ ಇಳಿಸುವುದರಿಂದ, ಅದಕ್ಕಿಂತ ಬಹಳ ಗಟ್ಟಿ ಮಾಡಲು ಹಾಡನ್ನು ಹಿಂಡುವುದರಲ್ಲಿ ಲಾಭವಿಲ್ಲ. ತುದಿ ಮೈನಸ್ ಒಂದು ಡೆಸಿಬೆಲ್ ದಾಟದಿರಲಿ.

ಪ್ರಕಟಿಸುವ ಮೊದಲು ಹಕ್ಕುಗಳನ್ನು ಖಚಿತಪಡಿಸಿಕೊಳ್ಳಿ. ಭಾರತದ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಾಹಿತ್ಯದ ಹಕ್ಕು ಕವಿಯ ಮರಣದ ನಂತರ 60 ವರ್ಷ ಇರುತ್ತದೆ. 1889ರಲ್ಲಿ ತೀರಿಕೊಂಡ ಶಿಶುನಾಳ ಶರೀಫರ ಪದಗಳನ್ನು ಯಾರು ಬೇಕಾದರೂ ಹಾಡಬಹುದು. ಆದರೆ ಅದೇ ಪದಕ್ಕೆ ಇತ್ತೀಚೆಗೆ ಯಾರೋ ಹಾಕಿದ ಧಾಟಿಗೆ, ಯಾರೋ ಮಾಡಿದ ಟ್ರ್ಯಾಕಿಗೆ ಪ್ರತ್ಯೇಕ ಹಕ್ಕಿದೆ. ಟ್ರ್ಯಾಕ್ ಮಾಡಿದವರಿಂದ ಬರೆಹದಲ್ಲಿ ಒಪ್ಪಿಗೆ ಪಡೆಯಿರಿ.

ಕೊನೆಗೆ ಕಡತಗಳನ್ನು ಉಳಿಸುವಾಗ ಪೂರ್ಣ ಹಾಡು, ದನಿ ಒಂದು ಡೆಸಿಬೆಲ್ ಹೆಚ್ಚಿರುವ ಇನ್ನೊಂದು ಪ್ರತಿ, ವೇದಿಕೆಯ ಕಾರ್ಯಕ್ರಮಕ್ಕಾಗಿ ಹೊಸ ಪಟ್ಟಿಯಲ್ಲಿರುವ ಬರೀ ಟ್ರ್ಯಾಕ್, ಯಾವ ಎಫೆಕ್ಟೂ ಇಲ್ಲದ ಬರೀ ದನಿ, ಇವನ್ನು ಬೇರೆ ಬೇರೆಯಾಗಿ ತೆಗೆದಿಡಿ. ಕಡತದ ಹೆಸರಿನಲ್ಲೇ ಪಟ್ಟಿ, ವೇಗ, ಸ್ಯಾಂಪಲ್ ರೇಟ್ ಮೂರನ್ನೂ ಬರೆದಿಟ್ಟರೆ ಮುಂದಿನ ಸಲ ಅದೇ ಗಾಯಕರು ಬಂದಾಗ ಟ್ರ್ಯಾಕ್ ಮಾಡುವವರಿಗೆ ಏನು ಹೇಳಬೇಕೆಂಬುದು ಮೊದಲೇ ಕೈಯಲ್ಲಿರುತ್ತದೆ.